ಕ್ಯಾಂಪಿನ ಕಿಟಕಿಯಿಂದ: ಚಾಲಕನ ಮುಖವಾಡ

ಸಂಜೆ ಕಚೇರಿಯಿಂದ ಬಂದು, ಕಾಫಿಯ ಲೋಟ ಹಿಡಿದು ನಮ್ಮ ಕ್ಯಾಂಪಿನ ಮನೆಯ ಕಿಟಕಿಯ ಬಳಿ ಕುಳಿತರೆ ತಲೆಯ ಮೇಲೆ ವಿಮಾನ ಹಾದುಹೋಗುವ ಸದ್ದು ಕೇಳದ ದಿನವಿಲ್ಲ. ಲೋಹೆಗಾಂವ್ ನಿಲ್ದಾಣ ವಾಯುಪಡೆಯದೂ ಹೌದು, ನಾಗರಿಕರದೂ ಹೌದು. ಆದ್ದರಿಂದ ಒಂದು ಸಲ ಕಿಟಕಿಯ ಗಾಜು ನಡುಗಿಸುವ ಯುದ್ಧವಿಮಾನ, ಇನ್ನೊಂದು ಸಲ ಬೆಂಗಳೂರಿಗೋ ದಿಲ್ಲಿಗೋ ಹೊರಟ ಪ್ರಯಾಣಿಕರ ವಿಮಾನ. ನಾವಾದರೋ ಊರಿಗೆ ಹೋಗುವುದೆಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸೇ ಎಂದು ತಿಳಿದಿದ್ದವರು. ಆದರೆ ಈ ಸಲದ ದೀಪಾವಳಿಗೆ ರೈಲಿನಲ್ಲಿ ಜಾಗ ಸಿಗದೆ, ಸಂಸಾರ ಸಮೇತ ಮೊದಲ ಬಾರಿಗೆ ವಿಮಾನ ಹತ್ತಿದೆವು.

ವಿಮಾನ ಹೊರಡುವ ಮುನ್ನ ಗಗನಸಖಿ ಹಳದಿ ಬಟ್ಟಲಿನಂಥ ಮುಖವಾಡವೊಂದನ್ನು ಎತ್ತಿ ಹಿಡಿದು, ಅದನ್ನು ಹೇಗೆ ಎಳೆದುಕೊಳ್ಳಬೇಕು, ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸಿದಳು. ದೊಡ್ಡವರು ಯಾರೂ ಅತ್ತ ನೋಡಲಿಲ್ಲ. ನಮ್ಮ ಎಂಟು ವರ್ಷದ ಚಿರಂಜೀವಿ ಮಾತ್ರ ಕಣ್ಣು ಮಿಟುಕಿಸದೆ ನೋಡಿ, “ಅಪ್ಪಾ, ನಮಗೆ ಇದು ಬೀಳುತ್ತೆ ಸರಿ, ವಿಮಾನ ಓಡಿಸೋರಿಗೆ ಏನು ಬೀಳುತ್ತೆ?” ಎಂದು ಕೇಳಿದ. ಬಿ.ಎ. ಓದಿದ ನಮಗೆ ಉತ್ತರ ತಿಳಿದಿರಲಿಲ್ಲ. “ಸುಮ್ಮನೆ ಕೂತ್ಕೋ” ಎಂದೆವು. ತಂದೆಯಾದವರು ತಮ್ಮ ಅಜ್ಞಾನಕ್ಕೆ ಹೊದಿಸುವ ಹಳೆಯ ಕಂಬಳಿ ಅದು.

ಪುಣೆಗೆ ಮರಳಿದ ಮೇಲೂ ಪ್ರಶ್ನೆ ಬಿಡಲಿಲ್ಲ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗ ವಿಮಾನಗಳ ದುರಸ್ತಿಯ ಇಂಜಿನಿಯರು. ಆತ ರಜೆಗೆ ಮನೆಗೆ ಬಂದಿದ್ದಾಗ ಹಿಡಿದು ಕೂರಿಸಿ ಕೇಳಿದೆವು. ಆತ ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ವಾಚಕರ ಮುಂದಿಡುವುದೇ ಈ ಸಂಚಿಕೆಯ ಉದ್ದೇಶ.

ಮೊದಲು ಗಾಳಿಯ ಮಾತು. ನೆಲದ ಮೇಲಿರಲಿ, ಆಕಾಶದಲ್ಲಿರಲಿ, ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ ಸುಮಾರು 21. ಆದರೆ ಮೇಲೇರಿದಂತೆ ಗಾಳಿಯ ಒತ್ತಡವೇ ಇಳಿಯುತ್ತದೆ. 18,000 ಅಡಿಯಲ್ಲಿ ಅದು ಅರ್ಧ, 35,000 ಅಡಿಯಲ್ಲಿ ಸುಮಾರು ಕಾಲು ಭಾಗ. ಆದ್ದರಿಂದ ವಿಮಾನದೊಳಕ್ಕೆ ಗಾಳಿ ಒತ್ತಿ ತುಂಬಿ, ಒಳಗೆ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕುಳಿತಷ್ಟೇ ಆಯಾಸವಾಗುವಂತೆ ನೋಡಿಕೊಳ್ಳುತ್ತಾರೆ. ಈ ಏರ್ಪಾಡು 35,000 ಅಡಿಯಲ್ಲಿ ಕೈಕೊಟ್ಟರೆ ಮನುಷ್ಯನಿಗೆ ಬುದ್ಧಿ ಸ್ವಾಧೀನದಲ್ಲಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷ ಮಾತ್ರ.

ಪ್ರಯಾಣಿಕರ ಮುಖವಾಡ ಒಳಗಿನ ಗಾಳಿ 14,000 ಅಡಿಯ ಮಟ್ಟಕ್ಕೆ ತೆಳುವಾದಾಗ ತಾನಾಗಿ ಬೀಳುತ್ತದೆ. ಹಲವು ವಿಮಾನಗಳಲ್ಲಿ ತಲೆಯ ಮೇಲಿನ ಪುಟ್ಟ ಡಬ್ಬಿಯೊಂದು ರಾಸಾಯನಿಕ ಕ್ರಿಯೆಯಿಂದ ಹತ್ತು ಹನ್ನೆರಡು ನಿಮಿಷ ಆಮ್ಲಜನಕ ಕೊಡುತ್ತದೆ. ಅಷ್ಟರಲ್ಲಿ ಚಾಲಕ ವಿಮಾನವನ್ನು ಕೆಳಗಿಳಿಸಬೇಕು. ಅಂದ ಮೇಲೆ ಚಾಲಕನಿಗೆ ಎಚ್ಚರವಿರಬೇಕಲ್ಲವೇ? ಆದ್ದರಿಂದ ಆತನ ಮುಖವಾಡದ ವರಸೆಯೇ ಬೇರೆ. ಅದು ಪಕ್ಕದ ಪೆಟ್ಟಿಗೆಯೊಂದರಲ್ಲಿ ಮಡಚಿ ಕುಳಿತಿರುತ್ತದೆ. ಹಿಡಿಯನ್ನು ಅದುಮಿ ಎಳೆದರೆ ರಬ್ಬರಿನ ಪಟ್ಟಿಗಳಿಗೆ ಅನಿಲ ತುಂಬಿ ಅವು ಹಾವಿನಂತೆ ಹಿಗ್ಗುತ್ತವೆ. ತಲೆಗೆ ಹಾಕಿ ಹಿಡಿ ಬಿಟ್ಟರೆ ಪಟ್ಟಿಗಳು ಕುಗ್ಗಿ ಮುಖಕ್ಕೆ ಬಿಗಿಯುತ್ತವೆ. ಒಂದೇ ಕೈಯಿಂದ, ಐದು ಸೆಕೆಂಡಿನೊಳಗೆ ಇದು ಆಗಬೇಕೆಂಬುದು ನಿಯಮ. ಮಾತಾಡಲು ಮೈಕೂ ಒಳಗೇ ಇದೆ. ಉಸಿರು ಒಳಕ್ಕೆ ಬಿಡುವ ಬಿಲ್ಲೆ ಒಂದು, ಹೊರಕ್ಕೆ ಬಿಡುವುದೊಂದು, ಒತ್ತಡ ಹದಮಾಡುವ ಯಂತ್ರವೊಂದು, ಸಿಲಿಂಡರಿನಿಂದ ಬರುವ ಕೊಳವೆಯೊಂದು. ಇವುಗಳಲ್ಲಿ ಬೆರಳುಗುರಿನಷ್ಟು ಬಿಲ್ಲೆ ಸೀಳಿದ್ದರೂ ಐದು ಸೆಕೆಂಡಿನ ಲೆಕ್ಕ ತಪ್ಪಿತು.

ಪ್ರಾಣವಾಯು ಕೈಯೆಟಕಿನಲ್ಲಿದ್ದೂ ದಕ್ಕದ ಕಥೆ ಬಹಳ ಹಳೆಯದು. 1875ರ ಏಪ್ರಿಲ್ 15ರಂದು ಪ್ಯಾರಿಸಿನಿಂದ ‘ಜೆನಿತ್’ ಎಂಬ ಬಲೂನಿನಲ್ಲಿ ಮೂವರು ವಿಜ್ಞಾನಾಸಕ್ತರು ಮೇಲೇರಿದರು. ಆಮ್ಲಜನಕದ ಚೀಲಗಳೂ ಕೊಳವೆಗಳೂ ಜೊತೆಯಲ್ಲೇ ಇದ್ದವು. 8,000 ಮೀಟರ್ ದಾಟುವ ಹೊತ್ತಿಗೆ ಕೊಳವೆಯನ್ನು ಬಾಯಿಗಿಡಬೇಕೆಂದು ಮನಸ್ಸು ಹೇಳಿದರೂ ತೋಳು ಮೇಲೇಳಲಿಲ್ಲವಂತೆ. ಭಯವೂ ಆಗಲಿಲ್ಲ, ಒಂದು ಬಗೆಯ ಆನಂದವೇ ಆಯಿತಂತೆ. ಇಷ್ಟನ್ನು ಹೇಳಲು ಗಾಸ್ತೋನ್ ತಿಸಾಂದಿಯೇ ಒಬ್ಬನೇ ಬದುಕಿ ಬಂದ. ಕ್ರೋಸೆ ಸ್ಪಿನೆಲ್ಲಿ, ಸಿವೆಲ್ ಇಬ್ಬರೂ ಬಲೂನಿನಲ್ಲೇ ತೀರಿಕೊಂಡಿದ್ದರು.

ಆಮ್ಲಜನಕದ ಕೊರತೆಯ ಕ್ರೂರತೆ ಇಲ್ಲಿದೆ. ಅದು ನೋಯಿಸುವುದಿಲ್ಲ. ಬುದ್ಧಿಯನ್ನು ಕದಿಯುವುದಲ್ಲದೆ, ಕದ್ದಿದೆ ಎಂಬ ಅರಿವನ್ನೂ ಕದಿಯುತ್ತದೆ. 2005ರ ಆಗಸ್ಟ್ 14ರಂದು ಸೈಪ್ರಸ್ಸಿನಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ಕಂಪನಿಯ ಬೋಯಿಂಗ್ 737 ವಿಮಾನದಲ್ಲಿ ಒತ್ತಡದ ಗುಂಡಿಯೊಂದು ತಪ್ಪು ಜಾಗದಲ್ಲಿ ಉಳಿದಿತ್ತು. ಎಚ್ಚರಿಕೆಯ ಕೊಂಬು ಕೂಗಿತು, ಚಾಲಕರು ಅದನ್ನು ಬೇರೆ ಎಚ್ಚರಿಕೆಯೆಂದು ಬಗೆದರು, ಮುಖವಾಡ ಹಾಕಿಕೊಳ್ಳಲಿಲ್ಲ. ಒಳಗಿದ್ದ 121 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮ ಹತ್ತಿರದಲ್ಲೇ, 2018ರ ಸೆಪ್ಟೆಂಬರ್ 20ರಂದು, ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒಳಗಿನ ಒತ್ತಡ ನಿಲ್ಲಿಸುವ ಸ್ವಿಚ್ಚನ್ನು ಹಾಕದೆ ಬಿಟ್ಟದ್ದರಿಂದ ಸುಮಾರು ಮೂವತ್ತು ಮಂದಿಗೆ ಮೂಗು, ಕಿವಿಗಳಲ್ಲಿ ರಕ್ತ ಬಂತು. ವಿಮಾನ ಹಿಂದಿರುಗಿ ಕ್ಷೇಮವಾಗಿ ಇಳಿಯಿತು.

ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ, ಈಗ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಎನಿಸಿಕೊಂಡಿರುವ ವಾಯುಪಡೆಯ ವೈದ್ಯಶಾಲೆಯಿದೆ. ಅಲ್ಲಿ ಗಾಳಿ ತೆಳುಮಾಡುವ ಕೋಣೆಯಲ್ಲಿ ಚಾಲಕರನ್ನು ಕೂರಿಸಿ, ತಮ್ಮ ತಮ್ಮ ಮೈ ಕೊಡುವ ಮೊದಲ ಸೂಚನೆಯನ್ನು ಗುರುತಿಸಲು ಕಲಿಸುತ್ತಾರೆ. ಅದೇ ಊರಿನ ಡೆಬೆಲ್ ಎಂಬ ರಕ್ಷಣಾ ಪ್ರಯೋಗಾಲಯ ತೇಜಸ್ ವಿಮಾನದ ಚಾಲಕನಿಗಾಗಿ ಹಾರುತ್ತಲೇ ಆಮ್ಲಜನಕ ತಯಾರಿಸಿಕೊಡುವ ಏರ್ಪಾಡನ್ನು ರೂಪಿಸಿ, 2025ರ ಮಾರ್ಚ್ 4ರಂದು 50,000 ಅಡಿಯವರೆಗೆ ಪರೀಕ್ಷಿಸಿತು. ಕನ್ನಡ ನಾಡಿನ ಮಣ್ಣಿನಲ್ಲಿ ಉಸಿರಿಗೂ ಇಷ್ಟು ಪಾಠವಿದೆಯೆಂದು ತಿಳಿದು ನಮಗೆ ಹೆಮ್ಮೆಯಾಯಿತು.

ಇನ್ನು ನಮ್ಮಂಥ ಗುಮಾಸ್ತರಿಗೆ ರುಚಿಸುವ ಭಾಗಕ್ಕೆ ಬರೋಣ. ವಿಮಾನದ ಯಾವುದೋ ಭಾಗದಲ್ಲಿ ದೋಷ ಕಂಡರೆ ತಯಾರಿಸಿದ ಕಂಪನಿ ಒಂದು ಪತ್ರಿಕೆ ಹೊರಡಿಸುತ್ತದೆ. ಅದು ಸಲಹೆ. ಆಮೇಲೆ ಆ ದೇಶದ ವಿಮಾನಯಾನ ಅಧಿಕಾರಿಗಳು ಆದೇಶ ಹೊರಡಿಸುತ್ತಾರೆ. ಅದು ಕಾನೂನು. ಇಂಥ ಸಂಖ್ಯೆಯ ಭಾಗ, ಇಂಥ ಕ್ರಮಾಂಕದಿಂದ ಇಂಥ ಕ್ರಮಾಂಕದವರೆಗೆ, ಇಷ್ಟು ದಿನದೊಳಗೆ ಅಥವಾ ಇಷ್ಟು ಗಂಟೆಯ ಹಾರಾಟದೊಳಗೆ ಬದಲಿಸತಕ್ಕದ್ದು. ಹಳೆಯದನ್ನು ಇನ್ನು ಮುಂದೆ ಯಾವ ವಿಮಾನಕ್ಕೂ ಜೋಡಿಸತಕ್ಕದ್ದಲ್ಲ. ಭಾಷೆ ನಮ್ಮ ಕಚೇರಿಯ ಸುತ್ತೋಲೆಯದೇ. ವಿಮಾನ ಹುಟ್ಟಿದ ದೇಶದ ಆದೇಶವನ್ನು ನಮ್ಮ ದೇಶದ ಕಂಪನಿಗಳೂ ಪಾಲಿಸಬೇಕು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ನೋಡಿಕೊಳ್ಳುತ್ತದೆ.

ಒಂದು ಉದಾಹರಣೆ ಕೇಳಿ. 2008ರ ಜೂನ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಂತಿದ್ದ ಸರಕು ವಿಮಾನವೊಂದಕ್ಕೆ, ಇಂಜಿನು ಚಾಲೂ ಆಗುವ ಮುನ್ನವೇ ಬೆಂಕಿ ಹತ್ತಿತು. ಇಬ್ಬರು ಚಾಲಕರು ಕಿಟಕಿಯಿಂದ ಇಳಿದು ಪಾರಾದರು. ತನಿಖೆಯಲ್ಲಿ ಕಂಡದ್ದೇನು? ಆಮ್ಲಜನಕದ ಕೊಳವೆ ಮಡಚಿಕೊಳ್ಳದಿರಲೆಂದು ಅದರೊಳಗೆ ಲೋಹದ ಸುರುಳಿ ತಂತಿ ಇಟ್ಟಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಪಕ್ಕದ ವಿದ್ಯುತ್ ತಂತಿಯ ಸೋರಿಕೆ ಆ ಸುರುಳಿಗೆ ಹರಿದರೆ ಕೊಳವೆ ಒಳಗಿನಿಂದಲೇ ಕಾದು ಸುಡುತ್ತದೆ, ಮೇಲಾಗಿ ಆಮ್ಲಜನಕವೇ ಬೆಂಕಿಗೆ ತುಪ್ಪ. ಮೂರು ವರ್ಷದ ಮೇಲೆ, 2011ರ ಜುಲೈ 29ರಂದು, ಕೈರೋದಲ್ಲಿ ಜೆಡ್ಡಾಕ್ಕೆ ಹೊರಡಲಿದ್ದ ಈಜಿಪ್ಟ್ ಏರ್ ಕಂಪನಿಯ ಬೋಯಿಂಗ್ 777 ವಿಮಾನದಲ್ಲಿ ಸಹಚಾಲಕನ ಮುಖವಾಡದ ಪೆಟ್ಟಿಗೆಯ ಬಳಿಯೇ ಬೆಂಕಿ ಎದ್ದಿತು. ಪ್ರಯಾಣಿಕರೆಲ್ಲ ಇಳಿದು ಬದುಕಿದರು, ವಿಮಾನ ಮತ್ತೆ ಹಾರಲಿಲ್ಲ. ಅಲ್ಲಿ ಕಿಡಿಯ ಮೂಲ ಖಚಿತವಾಗಿ ಗೊತ್ತಾಗಲಿಲ್ಲ. ಆದರೂ 2012ರಲ್ಲಿ ಅಮೆರಿಕದ ಅಧಿಕಾರಿಗಳು ಆದೇಶ ಹೊರಡಿಸಿ, ಆ ಜಾತಿಯ ವಿಮಾನಗಳ ಚಾಲಕರ ಕೋಣೆಯ ಕೊಳವೆಗಳನ್ನು ತೆಗೆದು ವಿದ್ಯುತ್ ಹರಿಯದ ಕೊಳವೆಗಳನ್ನು ಹಾಕಬೇಕೆಂದು ಕಡ್ಡಾಯ ಮಾಡಿದರು. 2024ರ ಜುಲೈನಲ್ಲಿಯೂ, ಬೋಯಿಂಗ್ 737 ವಿಮಾನಗಳ ಪ್ರಯಾಣಿಕರ ಆಮ್ಲಜನಕದ ಡಬ್ಬಿಗಳು ಪಟ್ಟಿ ಸಡಿಲಿ ಜಾರುತ್ತಿವೆಯೆಂದು ಸುಮಾರು 2,600 ವಿಮಾನಗಳನ್ನು ತಪಾಸಣೆಗೆ ಒಳಪಡಿಸಿದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಆದೇಶದ ಆಧಾರ ಅಪಘಾತವಲ್ಲ. ಒಂದು ತುಣುಕಿನಲ್ಲಿ ಕಂಡ ದೋಷ ಅದೇ ಜಾತಿಯ ಮತ್ತೊಂದರಲ್ಲೂ ಇರಬಹುದು ಎಂಬ ಅನುಮಾನವೇ ಸಾಕು. “ನಮ್ಮದು ಇಷ್ಟು ವರ್ಷ ಚೆನ್ನಾಗಿಯೇ ಇದೆಯಲ್ಲ” ಎಂದರೆ ಅಲ್ಲಿ ನಡೆಯುವುದಿಲ್ಲ. ಬದಲಿಸಿದವನು ಕ್ರಮಾಂಕ ಬರೆದು ತನ್ನ ಲೈಸೆನ್ಸಿನ ಮೇಲೆ ಸಹಿ ಹಾಕಬೇಕು. “ಆ ಸಹಿ ಹಾಕಿದ ರಾತ್ರಿ ನಾನು ಇನ್ನೊಂದು ಸಲ ಹೋಗಿ ನೋಡಿ ಬರ್ತೀನಿ” ಎಂದ ಆ ಹುಡುಗ. ದಿನಕ್ಕೆ ನಲವತ್ತು ಸಹಿ ಹಾಕುವ ನಮಗೆ ಆ ಮಾತು ಸ್ವಲ್ಪ ಚುಚ್ಚಿತು.

ಚುಚ್ಚಲು ಕಾರಣವಿದೆ. ನಾವು ಹಿಂದೆ ಇದ್ದ ಕಚೇರಿಯೊಂದರ ದಾಖಲೆ ಕೋಣೆಯ ಹೊರಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದು ತೂಗಿತ್ತು. ಅದರ ಚೀಟಿಯ ಅವಧಿ ಮುಗಿದು ಎರಡು ವರ್ಷವಾಗಿದ್ದುದನ್ನು ಕಂಡು ಟಿಪ್ಪಣಿ ಬರೆದೆವು. ಯಾವ ಲೆಕ್ಕ ಶೀರ್ಷಿಕೆಯಲ್ಲಿ ಖರ್ಚು ಹಾಕಬೇಕೆಂದು ಫೈಲು ಹಿಂದಿರುಗಿತು. ಉತ್ತರ ಬರೆದೆವು. ಮೂರು ದರಪಟ್ಟಿ ಬೇಕೆಂದು ಮತ್ತೆ ಬಂತು. ಕೊನೆಗೆ, ಇಲ್ಲಿಯ ತನಕ ಬೆಂಕಿಯ ಪ್ರಸಂಗ ನಡೆದಿಲ್ಲವಾದ್ದರಿಂದ ಮುಂದಿನ ವರ್ಷ ಪರಿಶೀಲಿಸಬಹುದೆಂಬ ಷರಾ ಬಿತ್ತು. ಆ ಷರಾವನ್ನು ಅಂದವಾದ ಅಕ್ಷರದಲ್ಲಿ ನಕಲು ಮಾಡಿ ಫೈಲಿಗೆ ಸೇರಿಸಿದವರೂ ನಾವೇ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ಇಂಥ ಷರಾ ಓದಿಯೇ ಹಿರಿಯರು ಮಾಡಿರಬೇಕು.

ಇಷ್ಟನ್ನೆಲ್ಲ ಮನೆಯಲ್ಲಿ ಉತ್ಸಾಹದಿಂದ ವರ್ಣಿಸುತ್ತಿದ್ದಾಗ ನಮ್ಮ ಮನೆಯಾಕೆ ಒಲೆಯ ಬಳಿಯಿಂದಲೇ, “ಅದಿರಲಿ, ನಮ್ಮ ಗ್ಯಾಸಿನ ಕೊಳವೆ ಯಾವ ವರ್ಷದ್ದು?” ಎಂದು ಕೇಳಿದಳು. ಆ ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಗ್ಯಾಸ್ ಕಂಪನಿಗಳು ಹೇಳುತ್ತಲೇ ಇವೆ. ಅದರ ಮೇಲೆ ವರ್ಷವೂ ಅಚ್ಚಾಗಿರುತ್ತದೆ. ಟಾರ್ಚು ಹಿಡಿದು ಬಗ್ಗಿ ನೋಡಿದೆವು. ಒಂಬತ್ತು ವರ್ಷವಾಗಿತ್ತು! ಒಲೆಯ ಹಿಂದೆ ಬಾಗಿದ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ನಮ್ಮ ತಾಯಿ ನಸುಕಿನಲ್ಲಿ ಎದ್ದು ದೀಪವನ್ನೂ ಹಾಕದೆ ಕಾಫಿಗೆ ನೀರಿಡುವುದು ಆ ಒಲೆಯ ಮೇಲೆಯೇ. ಎರಡು ವರ್ಷದ ಹಿಂದೆ ತಪಾಸಣೆಗೆ ಬಂದ ಹುಡುಗ ಬದಲಿಸಿ ಎಂದಿದ್ದ. “ಚೆನ್ನಾಗಿಯೇ ಇದೆಯಲ್ಲ” ಎಂದು ಆತನನ್ನು ಕಳಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಕಚೇರಿಯ ಷರಾವನ್ನು ನಕ್ಕು ಟೀಕಿಸುತ್ತಿದ್ದ ನಾವು, ಮನೆಯಲ್ಲಿ ಅದೇ ಷರಾವನ್ನು ಬಾಯಲ್ಲೇ ಬರೆದಿದ್ದೆವು.

ಆ ರಾತ್ರಿ ಸಿಲಿಂಡರಿನ ರೆಗ್ಯುಲೇಟರು ಬಂದ್ ಮಾಡಿ ಮಲಗಿದೆವು. ನಿದ್ದೆ ಬರಲಿಲ್ಲ. ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ಹೊಸ ಕೊಳವೆ ಹಾಕಿಸಿದೆವು. ಖರ್ಚು ಹೋಟೆಲಿನಲ್ಲಿ ಒಂದು ಹೊತ್ತು ಊಟ ಮಾಡಿದಷ್ಟೂ ಆಗಲಿಲ್ಲ. ಹಳೆಯದನ್ನು ಕೆಲಸದವಳು ಹೂವಿಗೆ ನೀರು ಬಿಡಲು ಕೇಳಿದಳು. ಎರಡು ತುಂಡು ಮಾಡಿ ಕೊಟ್ಟೆವು, ಮತ್ತೆ ಯಾವ ಒಲೆಗೂ ಸೇರದಿರಲೆಂದು. ಹಳೆಯ ಭಾಗವನ್ನು ಮತ್ತೆಲ್ಲೂ ಜೋಡಿಸತಕ್ಕದ್ದಲ್ಲ ಎಂಬ ಆ ಆದೇಶದ ಸಾಲು ನೆನಪಿತ್ತು.

ಚಿರಂಜೀವಿಗೂ ಉತ್ತರ ಹೇಳಿದ್ದಾಯಿತು. ವಿಮಾನ ಓಡಿಸುವವರಿಗೆ ಏನೂ ಬೀಳುವುದಿಲ್ಲ, ಅವರೇ ಎಳೆದು ಹಾಕಿಕೊಳ್ಳಬೇಕು, ಅದು ಕೆಲಸ ಮಾಡುವಂತೆ ಯಾರೋ ಒಬ್ಬ ಇಂಜಿನಿಯರು ರಾತ್ರಿ ಕೂತು ನೋಡಿರುತ್ತಾನೆ ಎಂದೆವು. “ಅವನು ಮರೆತರೆ?” ಎಂದ. ಮರೆಯಬಾರದೆಂದೇ ಕಾಗದದಲ್ಲಿ ತಾರೀಖು ಬರೆದಿರುತ್ತಾರೆ ಎಂದೆವು. ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವನ ಕೈಬರಹದಲ್ಲಿ ಕೊಳವೆ ಬದಲಿಸಬೇಕಾದ ಮುಂದಿನ ತಾರೀಖು ಇದೆ. ಕೆಳಗೆ ಅವನದೇ ಸಹಿ.

ವಾಚಕರಲ್ಲಿ ಒಂದೇ ವಿನಂತಿ. ಮುಂದಿನ ಪುಟದ ಅಡುಗೆಯ ಅಂಕಣಕ್ಕೆ ಹೋಗುವ ಮೊದಲು ಒಮ್ಮೆ ಎದ್ದು ನಿಮ್ಮ ಒಲೆಯ ಹಿಂದೆ ಟಾರ್ಚು ಹಿಡಿದು ನೋಡಿ ಬನ್ನಿ. ಪತ್ರಿಕೆ ಎಲ್ಲಿಗೂ ಓಡಿಹೋಗುವುದಿಲ್ಲ.