ಉಳಿದ ಹೊತ್ತು ಯಾರ ಪಾಲಿಗೆ?

ವೈದ್ಯಕೀಯ ಚಿತ್ರಣದ ಚರಿತ್ರೆಯಲ್ಲಿ ಸ್ವೀಡನ್ನಿನ ಹೆಸರು ದೊಡ್ಡದು. ಸೂಜಿ ಮತ್ತು ತಂತಿಯ ನೆರವಿನಿಂದ ರಕ್ತನಾಳದೊಳಗೆ ಕ್ಯಾತಿಟರ್ ಇಳಿಸುವ ವಿಧಾನವನ್ನು ಸ್ವೆನ್-ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿಸಿಕೊಂಡವರೂ ಅವರಿಗೆ ಋಣಿಗಳು. 1977ರಲ್ಲಿ ಎರಡು ಜಿಲ್ಲೆಗಳಲ್ಲಿ ಶುರುವಾದ ಲಾಸ್ಲೊ ತಬಾರ್ ಅವರ ಮ್ಯಾಮೋಗ್ರಫಿ ಪ್ರಯೋಗ, ತಪಾಸಣೆಗೆ ಕರೆಸಿಕೊಂಡ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿದದ್ದನ್ನು 1985ರಲ್ಲಿ ಜಗತ್ತಿಗೆ ತಿಳಿಸಿತು. 2016ರಿಂದ ಅಲ್ಲಿ 40ರಿಂದ 74 ವಯಸ್ಸಿನವರಿಗೆ ಈ ತಪಾಸಣೆ ಉಚಿತ.

ಯಂತ್ರದೊಳಗೆ ಮಲಗಿದವರ ಮನಸ್ಸಿನ ಕಡೆಗೆ ಗಮನ ಹರಿದದ್ದು ತಡವಾಗಿ. ಎಂಆರ್‌ಐ ಮಾಡಿಸಿಕೊಂಡವರನ್ನು ಲುಂಡ್‌ನ ಸಂಶೋಧಕರು ಮಾತನಾಡಿಸಿ 2006ರಲ್ಲಿ ಬರೆದರು: ಅದು ಅವರಿಗೆ ಬೇರೆಯೇ ಲೋಕ ಹೊಕ್ಕ ಅನುಭವ. 2013ರಲ್ಲಿ ಬಂದ ಇನ್ನೊಂದು ಸ್ವೀಡಿಷ್ ಅಧ್ಯಯನ ಇನ್ನಷ್ಟು ಆಳಕ್ಕೆ ಹೋಯಿತು. ಸಿಲಿಂಡರಿನ ಇಕ್ಕಟ್ಟಿನ ಜೊತೆಗೆ ಫಲಿತಾಂಶ ಏನಾಗುವುದೋ ಎಂಬ ದಿಗಿಲೂ ರೋಗಿಗಳನ್ನು ಕಾಡಿತ್ತು. ಅದನ್ನು ದಾಟಿಸಿದ್ದು ಪಕ್ಕದಲ್ಲಿದ್ದ ಸಿಬ್ಬಂದಿಯ ಮಾತು. ಅಲ್ಲಿ ಆ ಕೆಲಸ ಎಕ್ಸ್-ರೇ ನರ್ಸ್‌ಗಳದು. ಮೂರು ವರ್ಷದ ಪದವಿಯಲ್ಲಿ ಯಂತ್ರದಷ್ಟೇ ಶುಶ್ರೂಷೆಯನ್ನೂ ಕಲಿತು ಪರವಾನಗಿ ಪಡೆದವರು ಅವರು. ಈ ದಶಕಗಳ ಗಳಿಕೆಗಳಲ್ಲಿ ನಾವು ಅತಿ ಹೆಚ್ಚು ಗೌರವಿಸುವುದು ರೋಗಿಯ ದಿಗಿಲನ್ನು ಕೇಳುವ ಈ ಆರೈಕೆಯನ್ನೇ. ನಮ್ಮ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಟೋಕನ್ ಹಿಡಿದು ಕೂತವರಿಗೆ, ಒಳಗೆ ಏನಾಗುತ್ತದೆಂದು ಮೊದಲೇ ಹೇಳುವವರು ಎಷ್ಟು ಜನರಿದ್ದಾರೆ?

ಈಗ ಎಐ ಬಂದಿದೆ. 80,000ಕ್ಕೂ ಹೆಚ್ಚು ಹೆಂಗಸರಿದ್ದ ಸ್ವೀಡನ್ನಿನ ಒಂದು ಎಐ ಪ್ರಯೋಗದ ಮೊದಲ ವರದಿ 2023ರಲ್ಲಿ ಪ್ರಕಟವಾಯಿತು. ಅಪಾಯ ಕಡಿಮೆಯೆಂದು ಎಐ ಗುರುತಿಸಿದ ಮ್ಯಾಮೋಗ್ರಾಂಗಳನ್ನು ಇಬ್ಬರ ಬದಲು ಒಬ್ಬರೇ ವೈದ್ಯರು ನೋಡಿದರು. ನೋಡುವ ಹೊರೆ ಶೇ 44ರಷ್ಟು ತಗ್ಗಿತು. ಸಂತೋಷದ ಸಂಗತಿ. ಆದರೆ ಉಳಿದದ್ದು ತೆರೆಯ ಮುಂದೆ ಕೂತ ವೈದ್ಯರ ಸಮಯ. ಯಂತ್ರದ ಬಳಿ ನಿಂತ ನರ್ಸಿಗೆ ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ.

ಅದೇ ಪ್ರಯೋಗದಲ್ಲಿ ಎಐ ನೆರವಿನ ಗುಂಪಿನ ಸಾವಿರಕ್ಕೆ ಸುಮಾರು 22 ಹೆಂಗಸರನ್ನು ಮರುಪರೀಕ್ಷೆಗೆ ಕರೆಯಲಾಯಿತು. ಕ್ಯಾನ್ಸರ್ ಕಂಡದ್ದು ಸುಮಾರು ಆರು ಮಂದಿಯಲ್ಲಿ. ಉಳಿದವರೂ ಫಲಿತಾಂಶದ ಅದೇ ಭಯವನ್ನು ಹೊತ್ತೇ ಬಂದವರು. ವೈದ್ಯರಿಗೆ ಉಳಿದ ಗಂಟೆಗಳನ್ನು ಸಿಬ್ಬಂದಿ ಕಡಿತದ ಲೆಕ್ಕಕ್ಕೆ ಹಾಕದೆ ಈ 22 ಮಂದಿಗೆ ಕೊಡಬೇಕು: ಕರೆ ಬಂದ ಮೇಲೆ ಬೇಗ ಪರೀಕ್ಷೆ, ಎದುರು ಕೂತು ಮಾತನಾಡುವ ವೈದ್ಯರು, ಸಾಧ್ಯವಾದರೆ ಅಂದೇ ಉತ್ತರ.