ನಿಂತ ಕಾರಿಗೂ ವಯಸ್ಸಾಗುತ್ತದೆ

ಮಣಿಪಾಲದ ಗುಡ್ಡದಲ್ಲಿ ಒಂದು ಮನೆ. ಮನೆಯ ಬದಿಗೆ ಮುರಕಲ್ಲಿನ ಗೋಡೆಯ, ಮಣ್ಣಿನ ನೆಲದ ಒಂದು ಶೆಡ್ಡು. ಅದರಲ್ಲಿ ಇದ್ದದ್ದು ತೆಂಗಿನಕಾಯಿ ರಾಶಿ, ಒಣಗಿದ ಮಡಲು, ಒಂದು ಹಳೆಯ ಸೈಕಲ್. ಕಳೆದ ಮೇ ತಿಂಗಳ ಒಂದು ಸಂಜೆ ದುಬೈಯಿಂದ ಮಾವನ ಫೋನು ಬಂತು.

‘ಭಾವ, ಬೆಂಗಳೂರಿನಲ್ಲಿ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ಮಾರಾಟಕ್ಕೆ ಉಂಟಂತೆ. ತೆಗೆದು ನಿಮ್ಮ ಶೆಡ್ಡಿನಲ್ಲಿ ಇಡುವುದಾ? ಡಿಸೆಂಬರಿನಲ್ಲಿ ರಜೆಗೆ ಬಂದಾಗ ನಾನು ಓಡಿಸುತ್ತೇನೆ. ಉಳಿದ ದಿನ ಸುಮ್ಮನೆ ನಿಲ್ಲಿಸಿದರೆ ಆಯಿತು.’

ದ್ವಿತೀಯ ಪಿಯುಸಿಯ ಹುಡುಗನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವನ ಅಪ್ಪನಿಗೂ ಹತ್ತಲಿಲ್ಲ, ಕಾರಣ ಬೇರೆ. ಮಾವ ಮರಳುಗಾಡಿನ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ದುಡಿದು ಕೂಡಿಟ್ಟ ಹಣ ಅದು. ‘ಸುಮ್ಮನೆ ನಿಲ್ಲಿಸಿದರೆ ಆಯಿತು’ ಎಂಬ ಮಾತು ಅಪ್ಪನಿಗೆ ಸರಿಬರಲಿಲ್ಲ. ಕರಾವಳಿಯ ಮಳೆಯಲ್ಲಿ ಯಾವ ವಸ್ತುವಾದರೂ ಸುಮ್ಮನೆ ಇರುತ್ತದೆಯೇ?

ಸ್ಯಾನ್ ಸ್ಟಾರ್ಮ್ ನಮ್ಮ ಕರ್ನಾಟಕಕ್ಕೆ ನಂಟುಳ್ಳ ಕಾರು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ 1998ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಬ್ಬರಿಗಷ್ಟೇ ಆಸನ, ಮಡಚಿಡಬಹುದಾದ ಬಟ್ಟೆಯ ಮಾಡು, ಫೈಬರ್‌ಗ್ಲಾಸಿನ ಮೈ, ರೆನೋ ಕಂಪೆನಿಯ 1,149 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಈಗ ಇದರ ತಯಾರಿಕೆ ಇಲ್ಲ. ಸಿಕ್ಕಿದರೆ ಹಳೆಯದೇ ಸಿಗಬೇಕು.

ಹಗುರಾದರೆ ಏನು ಲಾಭ?

ಬರೇ 60 ಅಶ್ವಶಕ್ತಿಯ ಎಂಜಿನ್ ಇಟ್ಟುಕೊಂಡು ಇದು ಎಂಥ ಸ್ಪೋರ್ಟ್ಸ್ ಕಾರು ಎಂದು ಕೆಲವರು ನಗಬಹುದು. ಉತ್ತರ ನ್ಯೂಟನ್ನನ ಎರಡನೆಯ ನಿಯಮದಲ್ಲಿದೆ. ವೇಗೋತ್ಕರ್ಷವೆಂದರೆ ಬಲವನ್ನು ರಾಶಿಯಿಂದ ಭಾಗಿಸಿದಾಗ ಬರುವ ಮೊತ್ತ. ಬಲವನ್ನು ಹೆಚ್ಚಿಸುವುದು ಒಂದು ದಾರಿ, ರಾಶಿಯನ್ನು ತಗ್ಗಿಸುವುದು ಇನ್ನೊಂದು. 700 ಕಿಲೋ ತೂಕದ ಕಾರಿಗೆ 60 ಅಶ್ವಶಕ್ತಿ ಕೊಟ್ಟರೂ 1,400 ಕಿಲೋ ಕಾರಿಗೆ 120 ಕೊಟ್ಟರೂ ಲೆಕ್ಕ ಒಂದೇ.

ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದೇ ವೇಗದಲ್ಲಿ ಓಡುವಾಗ ಅರ್ಧ ತೂಕದ ಕಾರಿನ ಚಲನಶಕ್ತಿಯೂ ಅರ್ಧ. ಆದ್ದರಿಂದ ನಿಲ್ಲಿಸುವಾಗ ಬ್ರೇಕು ಅರ್ಧದಷ್ಟೇ ಶಾಖವನ್ನು ತಾಳಿದರೆ ಸಾಕು. ಆಗುಂಬೆ ಘಾಟಿಯ ತಿರುವಿನಲ್ಲಿ ಟಯರುಗಳು ಅರ್ಧದಷ್ಟೇ ಬಲದಿಂದ ರಸ್ತೆಯನ್ನು ಹಿಡಿದರೆ ಸಾಕು. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರು ಇದೇ ಲೆಕ್ಕಾಚಾರದ ಕೂಸು. ಅದರ ತೂಕ ಸುಮಾರು 500 ಕಿಲೋ. ಅದೇ 1957ರಲ್ಲಿ ಮಣಿಪಾಲದಲ್ಲಿ ಎಂ.ಐ.ಟಿ. ಆರಂಭವಾಯಿತು. ಇಂದು ಅಲ್ಲಿನ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡ ಸ್ಪರ್ಧೆಗಾಗಿ ಒಬ್ಬರೇ ಕೂರುವ ಕಾರುಗಳನ್ನು ತಾನೇ ಕಟ್ಟುತ್ತದೆ. ಅಂಥ ಕಾರಿನಲ್ಲಿ ಒಂದೊಂದು ಕಿಲೋ ಇಳಿಸಲೂ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಅಪ್ಪ ಮಗನಿಗೆ ಒಂದು ಲೆಕ್ಕ ಹಾಕಿಸಿದರು. 700 ಕಿಲೋ ಕಾರು ಮತ್ತು 2,100 ಕಿಲೋ ವಾಹನ, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆದು ಅಂಟಿಕೊಂಡವು ಎಂದುಕೊಳ್ಳೋಣ. ಸಂವೇಗ ಸಂರಕ್ಷಣೆಯ ನಿಯಮದಂತೆ, ಆಮೇಲೆ ಎರಡೂ ಸೇರಿ ಭಾರದ ವಾಹನದ ದಿಕ್ಕಿನಲ್ಲಿ 25 ಕಿ.ಮೀ. ವೇಗದಲ್ಲಿ ಚಲಿಸುತ್ತವೆ. ಭಾರದ ವಾಹನದ ವೇಗ 50ರಿಂದ 25ಕ್ಕೆ ಇಳಿಯಿತು, ಬದಲಾವಣೆ 25. ಹಗುರ ಕಾರು 50ರಿಂದ ಸೊನ್ನೆಗೆ ಬಂದು, ಮತ್ತೆ ಹಿಂದಕ್ಕೆ 25ರಲ್ಲಿ ತಳ್ಳಲ್ಪಟ್ಟಿತು, ಬದಲಾವಣೆ 75. ಒಳಗೆ ಕೂತವರು ಮೂರು ಪಟ್ಟು ಪೆಟ್ಟನ್ನು ತಾಳಬೇಕು. ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಅದಿಲ್ಲ. ಹುಡುಗ ಉತ್ತರದ ಕೆಳಗೆ ಎರಡು ಗೆರೆ ಎಳೆದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆರಿಸುವಾಗ ಏನು ನೋಡಬೇಕು?

ಹಳೆಯ ಕಾರು ಕೊಳ್ಳುವವರು ಮೊದಲು ನೋಡುವುದು ಬಣ್ಣವನ್ನು, ಕೊನೆಗೆ ನೋಡುವುದು ತಳವನ್ನು. ಕ್ರಮ ತಿರುಗುಮುರುಗಾಗಬೇಕು. ಫೈಬರ್‌ಗ್ಲಾಸಿನ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಂಥ ಕಾರುಗಳ ಒಳಗಿನ ಚೌಕಟ್ಟು ಸಾಮಾನ್ಯವಾಗಿ ಉಕ್ಕಿನದು. ಹೊರಗಿನ ಹೊಳಪು ಒಳಗಿನ ಹುಳುಕನ್ನು ಮುಚ್ಚಿಡಬಲ್ಲದು. ಕಾರನ್ನು ಗ್ಯಾರೇಜಿನಲ್ಲಿ ಮೇಲಕ್ಕೆತ್ತಿಸಿ, ಟಾರ್ಚು ಬಿಟ್ಟು, ಬೆಸುಗೆ ಹಾಕಿದ ಕಡೆ ಮತ್ತು ನೀರು ನಿಲ್ಲುವ ಮೂಲೆಗಳನ್ನು ಪರೀಕ್ಷಿಸಬೇಕು.

ಉಕ್ಕಿನ ಮೈಯ ಕಾರಾದರೆ ಒಂದು ಸಣ್ಣ ಅಯಸ್ಕಾಂತ ಒಳ್ಳೆಯ ಗೆಳೆಯ. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಚಕ್ರದ ಕಮಾನುಗಳ ಮೇಲೆ ಇಡುತ್ತಾ ಹೋಗಿ. ಅಂಟದಿದ್ದರೆ ಅಲ್ಲಿ ಉಕ್ಕು ಹೋಗಿ ಪುಟ್ಟಿ ಕೂತಿದೆ ಎಂದು ಸಂಶಯಪಡಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಪಟ್ಟೆ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಟ್ಟೆಯ ಮಾಡಿನ ಮೇಲೆ ಪೈಪಿನಿಂದ ನೀರು ಬಿಟ್ಟು, ಒಳಗೆ ಕೂತು ಎಲ್ಲಿ ಸೋರುತ್ತದೆಂದು ನೋಡಬೇಕು. ತಯಾರಿಕೆ ನಿಂತ ಕಾರಾದ್ದರಿಂದ ಗಾಜು, ದೀಪ, ಬಾಗಿಲಿನ ರಬ್ಬರು ಎಲ್ಲಿ ಸಿಗುತ್ತವೆ ಎಂದು ಹಣ ಕೊಡುವ ಮೊದಲೇ ವಿಚಾರಿಸಬೇಕು.

ಹೆತ್ತವರು ಕಾಗದಪತ್ರವನ್ನೂ ಮರೆಯಬಾರದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಯೋಗ್ಯತಾ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 18 ತುಂಬದ ಮಗ ಕಾರು ಓಡಿಸಿ ತಪ್ಪೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲಿಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ನೋಂದಣಿ ರದ್ದು. ‘ಶೆಡ್ಡಿನಿಂದ ಗೇಟಿನ ತನಕ ಮಾತ್ರ’ ಎಂದು ಶುರುವಾದದ್ದು ಮಲ್ಪೆಯ ತನಕ ಹೋಗುವುದು ಎಲ್ಲ ಊರಿನ ಕತೆ.

ನಾಲ್ಕು ಮೊಳೆಗಳ ಸಾಕ್ಷಿ

ಇನ್ನು ನಿಲ್ಲಿಸುವ ಪ್ರಶ್ನೆ. ಮಣಿಪಾಲದಿಂದ ಅರಬ್ಬೀ ಸಮುದ್ರ ಹತ್ತು ಕಿಲೋಮೀಟರಿಗಿಂತ ಹತ್ತಿರ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶೆಡ್ಡು ಹೇಗೆ ವರ್ತಿಸುತ್ತದೆಂದು ಮಾತಿನಲ್ಲಿ ತೀರ್ಮಾನಿಸುವ ಬದಲು ಅಪ್ಪ ಮಗನ ಕೈಗೆ ನಾಲ್ಕು ಹೊಸ ಕಬ್ಬಿಣದ ಮೊಳೆ ಕೊಟ್ಟರು. ಹುಡುಗ ಅವುಗಳನ್ನು ಮರಳು ಕಾಗದದಲ್ಲಿ ತಿಕ್ಕಿ ಹೊಳೆಸಿದ. ಒಂದನ್ನು ಗಾಳಿಯಾಡುವ ಕಿಟಕಿಯ ಬಳಿ ದಾರದಲ್ಲಿ ತೂಗುಹಾಕಿದ. ಒಂದಕ್ಕೆ ಎಂಜಿನ್ ಎಣ್ಣೆ ಸವರಿ ಅದರ ಪಕ್ಕದಲ್ಲೇ ತೂಗುಹಾಕಿದ. ಒಂದನ್ನು ಉಪ್ಪುನೀರಿನಲ್ಲಿ ಅದ್ದಿ ತೂಗಿಸಿದ. ಇನ್ನೊಂದನ್ನು ಮಣ್ಣಿನ ನೆಲದ ಮೇಲೆ ಮರದ ತುಂಡಿನ ಮೇಲಿಟ್ಟು, ಸುತ್ತ ಪ್ಲಾಸ್ಟಿಕ್ ಹಾಳೆ ಮುಚ್ಚಿದ. ಊರಲ್ಲಿ ಎಲ್ಲರೂ ವಾಹನ ಮುಚ್ಚುವುದು ಹಾಗೆಯೇ ತಾನೇ?

ಆಟಿ ತಿಂಗಳು ಮುಗಿಯುವಷ್ಟರಲ್ಲಿ ಉಪ್ಪಿನ ಮೊಳೆ ಕೆಂಪಗೆ ಉಬ್ಬಿತ್ತು. ಎಣ್ಣೆಯ ಮೊಳೆ ಹೊಳೆಯುತ್ತಿತ್ತು. ಕಿಟಕಿಯ ಮೊಳೆಗೆ ಅಲ್ಲಲ್ಲಿ ಕೆಂಪು ಚುಕ್ಕೆ. ಹುಡುಗನನ್ನು ಬೆರಗುಗೊಳಿಸಿದ್ದು ಪ್ಲಾಸ್ಟಿಕ್ಕಿನ ಅಡಿಯ ಮೊಳೆ. ಮಳೆಹನಿ ಒಂದೂ ತಾಗದ ಅದಕ್ಕೆ ಕಿಟಕಿಯ ಮೊಳೆಗಿಂತ ಹೆಚ್ಚು ತುಕ್ಕು ಹಿಡಿದಿತ್ತು.

ಕಾರಣ ಸರಳ. ತುಕ್ಕಿಗೆ ಆಮ್ಲಜನಕ, ನೀರು ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಕಣ್ಣಿಗೆ ಕಾಣದ ನೀರಿನ ಪೊರೆ ಕಬ್ಬಿಣದ ಮೇಲೆ ಕೂರುತ್ತದೆ, ತುಕ್ಕು ವೇಗ ಪಡೆಯುತ್ತದೆ. ಉಪ್ಪು ಶೇ. 75ರ ಆರ್ದ್ರತೆಯಲ್ಲಿ ಗಾಳಿಯ ನೀರನ್ನು ತಾನಾಗಿ ಹೀರಿ ಕರಗುತ್ತದೆ, ವಿದ್ಯುತ್ ಹರಿಯಲು ದಾರಿ ಮಾಡಿಕೊಡುತ್ತದೆ. ಪ್ಲಾಸ್ಟಿಕ್ಕಿನ ಅಡಿಯಲ್ಲಾದರೋ ನೆಲದ ತೇವ ಆವಿಯಾಗಿ ಮೇಲೇಳುತ್ತದೆ, ಹೊರಹೋಗಲು ದಾರಿಯಿಲ್ಲ. ರಾತ್ರಿ ತಂಪಾದೊಡನೆ ಲೋಹದ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಮಳೆಯಿಂದ ಕಾಪಾಡಲು ಹೊದಿಸಿದ ಹಾಳೆ ಒಳಗೇ ಮಳೆ ಸುರಿಸುತ್ತದೆ. ಆದ್ದರಿಂದ ಶೆಡ್ಡಿನೊಳಗಿನ ಕಾರಿಗೆ ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಲೇಸು.

ನಿಲ್ಲಿಸಿದ ಕಾರಿನ ಆರೈಕೆ

ಅನೇಕರು ವಾರಕ್ಕೊಮ್ಮೆ ಎಂಜಿನನ್ನು ಐದು ನಿಮಿಷ ಓಡಿಸಿ ನಿಲ್ಲಿಸುತ್ತಾರೆ. ಇದು ಉಪಕಾರಕ್ಕಿಂತ ಅಪಕಾರ. ಪೆಟ್ರೋಲಿನಲ್ಲಿರುವ ಜಲಜನಕ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹುಟ್ಟುವ ನೀರು ಸುಮಾರು ಒಂದು ಲೀಟರ್! ಎಂಜಿನ್ ಚೆನ್ನಾಗಿ ಕಾಯದಿದ್ದರೆ ಈ ನೀರು ಸೈಲೆನ್ಸರಿನಲ್ಲಿ, ಎಣ್ಣೆಯಲ್ಲಿ ಉಳಿದುಬಿಡುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣವೇ ಹೋಗಬಹುದು. ತಿಂಗಳಿಗೊಮ್ಮೆ, ಮಳೆ ಬಿಟ್ಟ ದಿನ, ಸಮುದ್ರದ ಕಡೆಗಲ್ಲದೆ ಹೆಬ್ರಿ ಕಡೆಗೆ ಇಪ್ಪತ್ತು ಕಿಲೋಮೀಟರ್ ಓಡಿಸಿ ತರುವುದು ಒಳ್ಳೆಯದು.

ಓಡಿಸುವವರೇ ಇಲ್ಲದಿದ್ದರೆ ತಯಾರಿ ಬೇರೆ. ಮೊದಲು ಕಾರನ್ನು, ಅದರ ತಳವನ್ನೂ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಹೊಸ ಎಂಜಿನ್ ಎಣ್ಣೆ ಹಾಕಿಸಬೇಕು, ಹಳೆಯ ಎಣ್ಣೆಯಲ್ಲಿ ಆಮ್ಲಗಳಿರುತ್ತವೆ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.4ಕ್ಕೆ ಇಳಿದರೆ ಮತ್ತೆ ಚಾರ್ಜು ಮಾಡಬೇಕು. ಹಾಗೇ ಬಿಟ್ಟರೆ ಸೀಸದ ಸಲ್ಫೇಟು ಹರಳುಗಟ್ಟಿ ಬ್ಯಾಟರಿ ಸಾಯುತ್ತದೆ. ಟಯರಿಗೆ ಗಾಳಿ ಪೂರ್ತಿ ಇರಲಿ, ಆಗಾಗ ಕಾರನ್ನು ಅರ್ಧ ಅಡಿ ದೂಡಿದರೆ ಟಯರು ಒಂದೇ ಕಡೆ ಚಪ್ಪಟೆಯಾಗದು. ಹ್ಯಾಂಡ್‌ಬ್ರೇಕ್ ಎಳೆದಿಡಬಾರದು, ಅದು ತೇವಕ್ಕೆ ಅಂಟಿಕೊಳ್ಳುತ್ತದೆ. ಬದಲಿಗೆ ಚಕ್ರಗಳಿಗೆ ಮರದ ತುಂಡು ಕೊಡಬೇಕು. ಇಲಿಗಳಿಗೆ ವಯರು ಬಹಳ ಇಷ್ಟ, ತೆಂಗಿನಕಾಯಿ ರಾಶಿಯ ಪಕ್ಕ ಕಾರು ನಿಲ್ಲಿಸುವುದೆಂದರೆ ಅವುಗಳಿಗೆ ಊಟಕ್ಕೆ ಕರೆದ ಹಾಗೆ.

ಪೆಟ್ರೋಲಿನ ವಿಷಯ ಇತ್ತೀಚಿನದು. 2025ರಿಂದ ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ನೀರು ಮಿತಿ ಮೀರಿದರೆ ಎಥನಾಲು ಅದರೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ಕಾರಿನ ರಬ್ಬರ್ ಕೊಳವೆಗಳು ಇದನ್ನು ತಾಳುವಂಥವೇ ಎಂದು ಮೆಕ್ಯಾನಿಕ್ ನೋಡಬೇಕು, ಅಗತ್ಯವಿದ್ದರೆ ಬದಲಿಸಬೇಕು. ಸೆಕೆ ಹೊಡೆದ ಅರ್ಧ ಟ್ಯಾಂಕಿಗಿಂತ ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗ ಕಡಿಮೆ.

ಸೆಪ್ಟೆಂಬರಿನಲ್ಲಿ ಹುಡುಗ ನಾಲ್ಕು ಮೊಳೆಗಳ ಫೋಟೋ ತೆಗೆದು ಮಾವನಿಗೆ ಕಳುಹಿಸಿದ. ಮಾವ ಕೂಡಲೇ ಫೋನು ಮಾಡಿದರು.

‘ಇದೇನು ಮಾರಾಯ, ಮೊಳೆ ತೋರಿಸುತ್ತೀ?’

‘ಮಾವ, ಮೂರನೆಯದು ಪ್ಲಾಸ್ಟಿಕ್ ಹೊದಿಸಿದ್ದು. ನಮ್ಮ ಶೆಡ್ಡಿನಲ್ಲಿ ನಿಮ್ಮ ಕಾರು ಒಂದು ಮಳೆಗಾಲ ಹಾಗೆ ನಿಂತರೆ ಅಡಿಭಾಗ ಆ ಬಣ್ಣಕ್ಕೆ ಬರುತ್ತದೆ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ ಮಾವ ಭಾವನಿಗೆ ಫೋನು ಕೊಡಲು ಹೇಳಿದರು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಬೆಂಗಳೂರಿನ ಆ ಕಾರನ್ನು ಅಷ್ಟರಲ್ಲಿ ಬೇರೆ ಯಾರೋ ಕೊಂಡಿದ್ದರು. ಮಾವನಿಗೆ ಬೇಸರವಾಯಿತು, ಆದರೆ ಕಾರಿನ ಆಸೆ ಬಿಡಲಿಲ್ಲ. ಕಾರಿಗಿಂತ ಮೊದಲು ಶೆಡ್ಡು ಸರಿಯಾಗಲಿ ಎಂದು ಹಣ ಕಳುಹಿಸಿದರು.

ಈಗ ತೆಂಗಿನಕಾಯಿ ಹಿತ್ತಿಲಿಗೆ ಹೋಗಿದೆ. ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿ ಬಂದಿದೆ. ಮಣ್ಣಿನ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟು ಹಾಕಿದ್ದಾರೆ. ಪ್ಲಾಸ್ಟಿಕ್ಕಿನ ಸರಿಯಾದ ಜಾಗ ಅದು. ತಿಂಗಳಿಗೊಮ್ಮೆ ಹೆಬ್ರಿ ಕಡೆಗೆ ಓಡಿಸುವ ಹೊಣೆ ಅಪ್ಪನದು, ಮಗನಿಗೆ 18 ತುಂಬಿ ಲೈಸನ್ಸ್ ಬರುವ ತನಕ ಕೀಲಿಕೈಯೂ ಅವರ ಬಳಿಯೇ.

ಕಾರು ಇನ್ನೂ ಬಂದಿಲ್ಲ. ಖಾಲಿ ಶೆಡ್ಡಿನ ಹೊಸ ನೆಲದ ಮೇಲೆ, ಮುಂದಿನ ಮಳೆಗಾಲಕ್ಕಾಗಿ, ಹುಡುಗ ಮತ್ತೆ ನಾಲ್ಕು ಮೊಳೆಗಳನ್ನು ತಿಕ್ಕಿ ಸಿದ್ಧಮಾಡಿ ಇಟ್ಟಿದ್ದಾನೆ.