ಒಂದು ಶಬ್ದ, ಆರುನೂರು ಕೆಲಸ

ಆಂಗ್ಲಭಾಷೆಯ ಸಿರಿವಂತಿಕೆಯ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಅದರ ಶಬ್ದಗಳ ಸಂಖ್ಯೆಯನ್ನೆಣಿಸಿ ಬೆರಗಾಗುವದುಂಟು. ಅಷ್ಟು ಶಬ್ದಗಳು ನಮ್ಮಲ್ಲೆಲ್ಲಿ, ಕನ್ನಡವು ಬಡಭಾಷೆ ಎಂದು ನಿಟ್ಟುಸಿರು ಬಿಡುವದೂ ಉಂಟು. ಆದರೆ ಆ ಭಾಷೆಯ ನಿಜವಾದ ಬಲವು ಅಪರೂಪದ ದೊಡ್ಡ ಶಬ್ದಗಳಲ್ಲಿ ಇಲ್ಲ. ಬಾಲಕರು ಮೊದಲ ಪಾಠಗಳಲ್ಲಿಯೇ ಕಲಿಯುವ ತೀರ ಸಾಮಾನ್ಯವಾದ ಚಿಕ್ಕ ಶಬ್ದಗಳಲ್ಲಿ ಅದು ಅಡಗಿರುವದು. ‘ರನ್’ ಎಂಬ ಒಂದೇ ಕ್ರಿಯಾಪದವನ್ನು ವಾಚಕರು ಪರಿಶೀಲಿಸಲಿ.

‘ರನ್’ ಎಂದರೆ ಓಡು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಕುದುರೆ ಓಡುವ ತನಕ ಅದು ಸರಿಯೇ. ಮುಂದೆ ನಾಲ್ಕು ಪುಟ ಓದಿದ ಹುಡುಗನಿಗೆ ಇಂಗ್ಲಿಷರ ನದಿಯೂ ‘ರನ್’ ಆಗುವದು ಕಂಡುಬರುತ್ತದೆ. ನಮ್ಮ ನದಿ ಹರಿಯುತ್ತದೆ. ಅವರ ಮೂಗು ‘ರನ್’ ಆದರೆ ನಮ್ಮ ಮೂಗು ಸೋರುತ್ತದೆ. ಅವರ ಅರಿವೆಯ ಬಣ್ಣ ‘ರನ್’ ಆದರೆ ನಮ್ಮ ಅರಿವೆ ಬಣ್ಣ ಬಿಡುತ್ತದೆ. ಯಂತ್ರ ನಡೆಯುವದು, ಅಂಗಡಿ ನಡೆಸುವದು, ರಸ್ತೆ ಊರೊಳಗಿಂದ ಹಾದುಹೋಗುವದು, ಕರಾರು ಐದು ವರ್ಷ ಜಾರಿಯಲ್ಲಿರುವದು, ಪತ್ರಿಕೆಯು ಲೇಖನವನ್ನು ಪ್ರಕಟಿಸುವದು, ಮನೆಯಲ್ಲಿ ಅಕ್ಕಿ ತೀರುವದು, ಒಂದು ಗುಣವು ವಂಶದಲ್ಲಿ ಇಳಿದುಬರುವದು, ಹೆದರಿದ ಜನರು ತಮ್ಮ ಠೇವಣಿಗಾಗಿ ಬ್ಯಾಂಕಿಗೆ ಮುಗಿಬೀಳುವದು, ಇವೆಲ್ಲವನ್ನೂ ಅವರು ಆ ಒಂದೇ ಶಬ್ದದಿಂದ ಸಾಧಿಸಿಕೊಳ್ಳುತ್ತಾರೆ. ಇದರಲ್ಲಿಯೂ ಅವರವರಲ್ಲಿ ಏಕಮತವಿಲ್ಲ. ಚುನಾವಣೆಯಲ್ಲಿ ಅಮೇರಿಕದವನು ‘ರನ್’ ಆಗುತ್ತಾನೆ; ಇಂಗ್ಲಂಡದವನು ನಿಲ್ಲುತ್ತಾನೆ. ನಮ್ಮ ಉಮೇದುವಾರರೂ ಎಷ್ಟು ಓಡಾಡಿದರೂ ಭಾಷೆಯಲ್ಲಿ ನಿಂತೇ ಇರುತ್ತಾರೆ.

ಈ ಸಂಪತ್ತನ್ನು ಅವರು ಲೆಕ್ಕವಿಟ್ಟ ಬಗೆಯಾದರೂ ಅನುಕರಣೀಯವಾದುದು. ೧೮೫೭ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಭೆಯವರು ಹೊಸ ಕೋಶದ ವಿಚಾರವನ್ನೆತ್ತಿದರು. ೧೮೭೯ರಲ್ಲಿ ಸಂಪಾದಕತ್ವದ ಭಾರವು ಜೇಮ್ಸ್ ಮರ್ರೇಯವರ ಮೇಲೆ ಬಿದ್ದಿತು. ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರದೆ ಶಾಲೆಯ ಉಪಾಧ್ಯಾಯರಾಗಿದ್ದರೆಂಬುದನ್ನು ನಮ್ಮ ಶಿಕ್ಷಕ ಬಂಧುಗಳು ಗಮನಿಸಬೇಕು. ಸಾವಿರಾರು ಜನ ಸಾಮಾನ್ಯ ವಾಚಕರು ತಾವು ಓದಿದ ಗ್ರಂಥಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಸಂಬಳದ ಆಶೆಯಿಲ್ಲದೆ, ಅವರಿಗೆ ಕಳಿಸಿದರು. ಮೊದಲ ಸಂಚಿಕೆ ೧೮೮೪ರಲ್ಲಿ ಹೊರಬಿದ್ದಿತು. ೧೯೧೫ರಲ್ಲಿ ಮರ್ರೇಯವರು ತೀರಿಕೊಂಡರು. ಕೋಶವು ಮುಗಿದದ್ದು ೧೯೨೮ರಲ್ಲಿ. ೧೯೮೯ರಲ್ಲಿ ಇಪ್ಪತ್ತು ಸಂಪುಟಗಳಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ೪೩೦ ಅರ್ಥಗಳಿದ್ದು ಅದೇ ಅಗ್ರಸ್ಥಾನದಲ್ಲಿತ್ತು. ಬಳಿಕ ಪೀಟರ್ ಗಿಲ್ಲಿವರ್ ಎಂಬ ಸಂಪಾದಕರು ಸುಮಾರು ಒಂಬತ್ತು ತಿಂಗಳು ದುಡಿದು ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿದಾಗ ಅದರ ಅರ್ಥಗಳು ೬೪೫ ಆದುವು!

ಹೀಗೇಕಾಯಿತು? ಯಾವ ಪಂಡಿತಸಭೆಯೂ ಕುಳಿತು ಈ ಅರ್ಥಗಳನ್ನು ಮಂಜೂರು ಮಾಡಲಿಲ್ಲ. ಉಗಿಯಂತ್ರ ಬಂದಿತು, ಗಿರಣಿ ಬಂದಿತು, ರೈಲು ಬಂದಿತು, ಕೊನೆಗೆ ಗಣಕಯಂತ್ರವೂ ಬಂದಿತು. ಅವುಗಳೊಡನೆ ದುಡಿಯುವ ಜನರು ತಮ್ಮ ಮನೆಯ ಹಳೆಯ ಶಬ್ದವನ್ನೇ ಹೊಸ ಕೆಲಸಕ್ಕೆ ಹಚ್ಚಿದರು. ಶಬ್ದವು ಕೋಶದಲ್ಲಿ ಬೆಳೆಯುವದಿಲ್ಲ, ದುಡಿಮೆಯಲ್ಲಿ ಬೆಳೆಯುತ್ತದೆ ಎಂಬುದೇ ಇದರ ಪಾಠ.

ಕನ್ನಡದಲ್ಲಿ ಇಂತಹ ಶಕ್ತಿಯಿಲ್ಲವೆನ್ನುವವರು ‘ಕಟ್ಟು’ ಎಂಬ ಶಬ್ದವನ್ನು ಒಮ್ಮೆ ವಿಚಾರಿಸಲಿ. ದನ ಕಟ್ಟುವದು, ಮನೆ ಕಟ್ಟುವದು, ಹೂ ಕಟ್ಟುವದು, ತಾಳಿ ಕಟ್ಟುವದು, ಕಂದಾಯ ಕಟ್ಟುವದು, ಪರೀಕ್ಷೆಗೆ ಕಟ್ಟುವದು, ಬೆಲೆ ಕಟ್ಟುವದು, ಪದ ಕಟ್ಟುವದು, ಇಲ್ಲದ ಕಥೆ ಕಟ್ಟುವದು, ಸಂಘ ಕಟ್ಟುವದು ಇವೆಲ್ಲ ಮನುಷ್ಯನ ಕೆಲಸಗಳು. ಮೋಡ ಕಟ್ಟುವದು, ಗಂಟಲು ಕಟ್ಟುವದು, ಉಸಿರು ಕಟ್ಟುವದು ಇವು ತಾವಾಗಿಯೇ ಆಗತಕ್ಕವು. ಬೆಂದ ಬೇಳೆಯಿಂದ ಬಸಿದ ಕಟ್ಟಿನಿಂದ ನಮ್ಮ ಗೃಹಿಣಿಯರು ಹೋಳಿಗೆಯ ದಿನ ಸಾರು ಮಾಡುತ್ತಾರೆ. ಇವನ್ನೆಲ್ಲ ಆಂಗ್ಲರು ತಮ್ಮ ಒಂದು ಶಬ್ದದಿಂದ ಹೇಳಬಲ್ಲರೇ? ಅದಕ್ಕಾಗಿ ತಮ್ಮ ಭಾಷೆ ಬಡವೆಂದು ಅವರು ಅಳುವದೂ ಇಲ್ಲ.

ಹಾಗಿದ್ದರೆ ಚಿಂತೆ ಯಾವದು? ಈಗ ನಮ್ಮ ಪಟ್ಟಣಗಳಲ್ಲಿ ‘ಶಾಲೆ ರನ್ ಮಾಡುತ್ತಾರೆ’, ‘ಅಂಗಡಿ ರನ್ ಆಗುತ್ತಿಲ್ಲ’, ‘ಮಿಶನ್ ರನ್ ಆಗಲಿ’ ಎಂಬ ಮಾತು ಸಾಮಾನ್ಯವಾಗಿದೆ. ಪರಭಾಷೆಯ ಶಬ್ದವನ್ನು ನಾವು ದ್ವೇಷಿಸುವವರಲ್ಲ. ರೈಲು, ಬ್ಯಾಂಕು, ಟಪಾಲುಗಳನ್ನು ನಮ್ಮವಾಗಿ ಮಾಡಿಕೊಂಡಿದ್ದೇವೆ. ಕ್ರಿಕೆಟ್ಟಿನ ರನ್ನು ಕೂಡ ರನ್ನಾಗಿಯೇ ಇರಲಿ, ಆಟವು ಅವರದು. ಹೊಸ ವಸ್ತುವಿನೊಡನೆ ಬಂದ ಹೆಸರು ಅತಿಥಿಯಂತೆ. ಆದರೆ ನಡೆಸು, ಸಾಗು, ಹರಿ, ತಿರುಗು, ತೀರು ಎಂಬ ಮನೆಯ ಮಕ್ಕಳನ್ನು ಒಮ್ಮೆಲೆ ಹೊರದೂಡುವ ‘ರನ್ ಮಾಡು’ ಅತಿಥಿಯಲ್ಲ. ಆಂಗ್ಲನು ತನ್ನ ಶಬ್ದಕ್ಕೆ ಆರುನೂರು ಕೆಲಸ ಕಲಿಸಿ ಶ್ರೀಮಂತನಾದನು. ನಾವು ಆ ಶಬ್ದವನ್ನೇ ಎರವು ತಂದು, ನಮ್ಮ ಹತ್ತು ಶಬ್ದಗಳಿಗೆ ಕೆಲಸವಿಲ್ಲದಂತೆ ಮಾಡಿ ಬಡವರಾಗುತ್ತಿದ್ದೇವೆ.

ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ನಮ್ಮ ಕಷ್ಟವು ಬೇರೊಂದು ಬಗೆಯದಾಗಿತ್ತು. ತಾಲೂಕಿನ ಒಬ್ಬ ಅಧಿಕಾರಿಯನ್ನೇ ಮುಂಬಯಿ ಕರ್ಣಾಟಕದವರು ಮಾಮಲೇದಾರನೆಂದೂ ಮೈಸೂರಿನವರು ಅಮಲ್ದಾರನೆಂದೂ ಹೈದರಾಬಾದು, ಮದರಾಸು ಸೀಮೆಯವರು ತಹಶೀಲ್ದಾರನೆಂದೂ ಕರೆಯುತ್ತಿದ್ದರು. ೧೯೫೬ರಲ್ಲಿ ನಾಡು ಒಂದಾಯಿತು. ೧೯೬೩ರ ಕಾಯದೆಯಿಂದ ಕನ್ನಡವು ಆಡಳಿತ ಭಾಷೆಯಾಯಿತು. ಕಿಟೆಲ್ಲರು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದ ಕೋಶವಿದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ. ಕೋಶಗಳಿಗೆ ಕೊರತೆಯಿಲ್ಲ. ಕಾರಖಾನೆಯಲ್ಲಿ, ಕಚೇರಿಯಲ್ಲಿ, ಪೇಟೆಯಲ್ಲಿ ಕನ್ನಡ ಕ್ರಿಯಾಪದಕ್ಕೆ ಹೊಸ ಕೆಲಸ ಕೊಡುವ ಧೈರ್ಯದ ಕೊರತೆ ಮಾತ್ರ ಇದೆ.

ಶಿಕ್ಷಕರಲ್ಲಿ ನಮ್ಮ ಬಿನ್ನಹವಿಷ್ಟೆ. ‘ರನ್’ ಎಂದರೆ ಓಡು ಎಂದು ಒಂದೇ ಮಾತಿನಲ್ಲಿ ಪಾಠ ಮುಗಿಸಬೇಡಿರಿ. ಹಲಗೆಯ ಮೇಲೆ ಆ ಶಬ್ದದ ಹತ್ತು ವಾಕ್ಯಗಳನ್ನು ಬರೆದು, ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತಾರೆ?’ ಎಂದು ಕೇಳಿರಿ. ಹುಡುಗರು ಹರಿ, ಸೋರು, ಹಾಯು, ತೀರು ಎಂದು ಉತ್ತರ ಕೊಡುವರು. ಅಂದು ಅವರು ಇಂಗ್ಲಿಷನ್ನೂ ಸರಿಯಾಗಿ ಕಲಿತಾರು, ತಮ್ಮ ಭಾಷೆ ಬಡವೆಂಬ ಭ್ರಮೆಯನ್ನೂ ಬಿಟ್ಟಾರು. ಭಾಷಾಂತರಕಾರರೂ ಶಬ್ದದ ಮುಖವನ್ನು ನೋಡದೆ ವಾಕ್ಯದಲ್ಲಿ ಅದು ಮಾಡುವ ಕೆಲಸವನ್ನು ನೋಡಲಿ. ನಾಡನ್ನು ಒಮ್ಮೆ ಕಟ್ಟಿದೆವು. ನುಡಿಯನ್ನಾದರೋ ದಿನದಿನವೂ ಕಟ್ಟುತ್ತಿರಬೇಕು.